ನೀಲಮ್ಮತ್ತೆಯ ರೇಡಿಯೊ ದೀಪ

ಕಳೆದ ಕಾರ್ತಿಕದ ಮೊದಲ ಸೋಮವಾರ ಸಂಜೆ, ಇರಕಲ್ಲಗಡದಲ್ಲಿ ನನ್ನ ಸೋದರತ್ತೆ ನೀಲಮ್ಮನವರ ಮನೆಯ ರೇಡಿಯೊದ ದೀಪ ಸುಟ್ಟುಹೋಯಿತು. ರೇಡಿಯೊ ಹಾಡುತ್ತಲೇ ಇತ್ತು.

ಮರುದಿನ ಆ ದೀಪ ಕೊಪ್ಪಳದಲ್ಲಿ ನನ್ನ ಕೈ ಸೇರಿತು. ಅತ್ತೆಯ ಮಗ ಬಸವರಾಜ ಅದನ್ನು ಹತ್ತಿಯಲ್ಲಿ ಸುತ್ತಿ, ಬೆಂಕಿಪೊಟ್ಟಣದೊಳಗಿಟ್ಟು, ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿದ್ದ. ನಮ್ಮ ಕಡೆ ಮದ್ದು, ಮೊಸರು, ಜಾತಕ, ಎಲ್ಲವೂ ಹೀಗೇ ಓಡಾಡುತ್ತವೆ. ಬಸ್ ನಿಲ್ದಾಣದಲ್ಲಿ ಡ್ರೈವರ್ ಅಂಗಿಯ ಕಿಸೆಯಿಂದ ಪೊಟ್ಟಣ ತೆಗೆದು ನನ್ನನ್ನು ಅನುಮಾನದಿಂದ ನೋಡಿದ.

"ಏನೈತ್ರಿ ಇದರಾಗ, ಬಂಗಾರನಾ? ಬಗ್ಗಿದ್ರ ಒಡೀತೈತಿ ಅಂದ್ರು ಬಸವರಾಜಪ್ಪ. ಇಡೀ ದಾರಿ ಮದಿಮಗ ಕುಂತಂಗ ನೆಟ್ಟಗ ಕುಂತು ಬಂದೀನಿ."

ಮನೆಗೆ ಬಂದು ತೆರೆದೆ. ಕಡಲೆಕಾಳಿಗಿಂತ ತುಸು ದೊಡ್ಡದಾದ ಗಾಜಿನ ಗುಂಡು. ಒಳಗೆ ಕಪ್ಪು ಹಿಡಿದಿತ್ತು. ಮೂಗಿನ ಹತ್ತಿರ ಒಯ್ದಾಗ ಬೆಂಕಿಕಡ್ಡಿಯ ಗಂಧಕದ ಜೊತೆಗೆ ಇನ್ನೊಂದು ವಾಸನೆ ಬಂತು: ಕಾದ ಧೂಳಿನದು, ಬೆಚ್ಚಗಾದ ಹಳೆಯ ಕಟ್ಟಿಗೆಯದು. ಹಳೆಯ ರೇಡಿಯೊ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ಅದರ ಬೆನ್ನಿನಿಂದ ಏಳುತ್ತಿದ್ದ ಈ ವಾಸನೆ ನಿಮಗೆ ಗೊತ್ತಿದ್ದರೆ ನಿಮ್ಮ ವಯಸ್ಸೂ ನನಗೆ ಗೊತ್ತಾದ ಹಾಗೆಯೇ.

ನಾನು ಬಹಳ ವರ್ಷ ಈ ಜಿಲ್ಲೆಯಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಕಣ್ಣಾರೆ ಕಂಡದ್ದನ್ನು ಕಂಡಂತೆ ಬರೆ, ಕಾಣದ್ದಕ್ಕೆ 'ಎನ್ನಲಾಗಿದೆ' ಎಂದು ಸೇರಿಸು ಎಂದು ನನ್ನ ಮೊದಲ ಸಂಪಾದಕರು ಕಲಿಸಿದ್ದರು. ಆ ಪಾಠ ಎಷ್ಟು ಹತ್ತಿತೆಂದರೆ ಮನೆಮಾತಿನಲ್ಲೂ ಅದೇ ಬಂತು. ಒಮ್ಮೆ ಬೀಗರ ಮನೆಯಲ್ಲಿ "ಹುಡುಗಿ ಚೆನ್ನಾಗಿ ಓದುತ್ತಾಳೆ ಎನ್ನಲಾಗಿದೆ" ಎಂದುಬಿಟ್ಟೆ. ಆ ಸಂಬಂಧ ಮುರಿಯಿತು. ನನ್ನ ಹೆಸರೂ ಬದಲಾಯಿತು. ಇರಕಲ್ಲಗಡದ ಓಣಿಯಲ್ಲಿ ನಾನು ಕಾಲಿಟ್ಟರೆ ಈಗಲೂ ಬಸವರಾಜ ಒಳಗೆ ಕೂಗಿ ಹೇಳುವುದು ಹೀಗೆ: "ಅವ್ವಾ, ಎನ್ನಲಾಗಿದೆ ಮಾಮಾ ಬಂದ."

ಆ ಮನೆಗೆ ನಾನು ಮೊದಲು ಹೋದದ್ದು ಶಾಲೆಯ ರಜೆಯಲ್ಲಿ. ಮುಂದೆ ಕಿರಾಣಿ ಅಂಗಡಿ, ಹಿಂದೆ ಮನೆ, ನಡುವೆ ಒಂದು ಗೋಣಿತಟ್ಟಿನ ಪರದೆ. ಸಂಗಪ್ಪ ಮಾವ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಒಳಗಿನ ಮಾತಿಗೆ ಉತ್ತರ ಕೊಡುತ್ತಿದ್ದರು. ರೇಡಿಯೊ ಬಂದದ್ದು ಅವರಿಂದ. ಕಾಲುವೆಯ ಕೆಲಸದ ಮೇಲೆ ಬಂದಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಮಂಚ, ಕುರ್ಚಿ, ರೇಡಿಯೊ ಮಾರಲು ನಿಂತರು. ಮಾವ ಮಂಚ ತರಲು ಹೋದವರು ರೇಡಿಯೊ ತಂದರು. ಅತ್ತೆ ಒಂದು ವಾರ ಮಾತು ಬಿಟ್ಟಿದ್ದರಂತೆ. ಎಂಟನೆಯ ದಿನ ರೇಡಿಯೊದಲ್ಲಿ ಯಾರೋ ತತ್ವಪದ ಹಾಡಿದರು. ಅತ್ತೆ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಎದ್ದು ಬಂದು, "ನೆಲದ ಮ್ಯಾಲೆ ಮಲಗಿದ್ರೂ ನಿದ್ದಿ ಬರ್ತೈತಿ ಬಿಡ್ರಿ" ಎಂದರಂತೆ. ಇದು ಮಾವ ಹೇಳಿದ್ದು. ಅತ್ತೆ ಇಂದಿಗೂ ಒಪ್ಪುವುದಿಲ್ಲ.

ತೇಗದ ಪೆಟ್ಟಿಗೆ, ಮುಂದೆ ಬಟ್ಟೆಯ ಜಾಲರಿ, ಅದರ ಮೇಲೆ ಗಾಜಿನ ಪಟ್ಟಿ. ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಸಾಲಾಗಿ ಊರುಗಳ ಹೆಸರು. ಹಿಂದಿನ ಚಿಕ್ಕ ದೀಪ ಹತ್ತಿದರೆ ಊರುಗಳೆಲ್ಲ ಜೇನಿನ ಬಣ್ಣದಲ್ಲಿ ಎದ್ದು ಬರುತ್ತಿದ್ದವು. ನನ್ನ ಮೊದಲ ಭೂಗೋಳ ಅದೇ. ದಿಲ್ಲಿ ದಾಟಿ ಒಂದು ಬೆರಳು ಬಲಕ್ಕೆ ಹೋದರೆ ಕೊಲಂಬೊ ಸಿಗುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಧಾರವಾಡದ ಹೆಸರು ಆ ಗಾಜಿನ ಮೇಲೆ ಇರಲಿಲ್ಲ. ಮುಳ್ಳು ಎಲ್ಲಿ ನಿಂತರೆ ಅಲ್ಲಿನ ಕನ್ನಡ ಬರುತ್ತದೆಂದು ಗೊತ್ತಾದ ದಿನ ಅತ್ತೆ ಆ ಜಾಗಕ್ಕೆ ಒಂದು ಕುಂಕುಮದ ಬೊಟ್ಟು ಇಟ್ಟರು.

ಆ ಮನೆಗೆ ಒಂದು ರೂಢಿಯಿತ್ತು, ಈಗಲೂ ಇದೆ. ಸೋಮವಾರ ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ರೇಡಿಯೊ ಹಚ್ಚಬೇಕು. ಅದರ ಮುಂಚೆ ಹಚ್ಚುವಂತಿಲ್ಲ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಗುಂಡಿ ತಿರುಗಿಸಿ, ದೇವರಿಗೆ ಮುಗಿದ ಕೈಯನ್ನೇ ರೇಡಿಯೊಗೂ ಮುಗಿಯುತ್ತಿದ್ದರು. ಅಷ್ಟರಲ್ಲಿ ಓಣಿಯ ಹೆಂಗಸರು ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಓಣಿಯಲ್ಲಿ ಯಾರ ಹತ್ತಿರವೂ ಹಾರ್ಮೋನಿಯಂ ಇರಲಿಲ್ಲ. ಭಕ್ತಿಗೀತೆ ಬರುವ ಹೊತ್ತಿಗೆ ರೇಡಿಯೊ ಹಚ್ಚಿ, ಅದರ ದನಿಗೆ ದನಿ ಸೇರಿಸಿ ಹಾಡುವುದು ಮಾವ ಕಂಡುಕೊಂಡ ದಾರಿ. ಸುತ್ತಲಿನ ಊರಿನವರು ಇದಕ್ಕೆ 'ಪೆಟ್ಟಿಗಿ ಭಜನಿ' ಎಂದು ನಗುತ್ತಿದ್ದರು. ಗೊತ್ತಿದ್ದ ಪದವಾದರೆ ಎಲ್ಲರೂ ಹಾಡುವರು, ಗೊತ್ತಿಲ್ಲದಿದ್ದರೆ ಗುನುಗಿ ಕಲಿಯುವರು. ಹಿತ್ತಾಳೆಯ ತಾಳಗಳು ಮಾತ್ರ ಅತ್ತೆಯ ಕೈಯಲ್ಲಿ. ತಾಳ ಯಾರ ಕೈಯಲ್ಲಿದೆಯೋ ಭಜನೆ ಅವರದು. ಎದುರು ಮನೆಯ ಗಿರಿಜವ್ವ ಮದುವೆಯಾಗಿ ಬಂದ ವರ್ಷದಿಂದ ಆ ತಾಳದ ಮೇಲೆ ಕಣ್ಣಿಟ್ಟಿದ್ದವರು. "ನೀಲವ್ವ, ಕೈ ನೋವಾದ್ರ ಹೇಳು" ಎಂದು ಪ್ರತಿ ಸೋಮವಾರ ಕೇಳುತ್ತಿದ್ದರು. "ನೋವಾದ್ರ ಎಣ್ಣಿ ಹಚ್ಕೋತೀನಿ, ನೀ ಹಾಡು" ಎಂಬುದು ಉತ್ತರ. ಇಬ್ಬರೂ ಮುದುಕಿಯರಾದರು. ಪ್ರಶ್ನೆಯೂ ಉತ್ತರವೂ ಹಾಗೇ ಉಳಿದವು.

ಮಾವ ಈಗಿಲ್ಲ. ಅಂಗಡಿಯನ್ನು ಬಸವರಾಜ ದೊಡ್ಡದು ಮಾಡಿದ್ದಾನೆ. ಪಡಸಾಲೆಯಲ್ಲಿ ಗೋಡೆಯಗಲದ ಟಿವಿ ಇದೆ. ಸೋಮವಾರ ಸಂಜೆ ಅದರ ಮೇಲೆ ಬಟ್ಟೆ ಬೀಳುತ್ತದೆ.

ನಾನು ದೀಪ ಹುಡುಕಲು ಹೊರಟೆ. ಕೊಪ್ಪಳದ ಜವಾಹರ ರಸ್ತೆಯಲ್ಲಿ ಒಂದು ಕಾಲಕ್ಕೆ ರೇಡಿಯೊ ರಿಪೇರಿಯ ಅಂಗಡಿಗಳಿದ್ದ ಕಡೆ ಈಗ ಮೊಬೈಲಿನ ಹೊದಿಕೆಗಳು ಜೋತಾಡುತ್ತವೆ. ಕುಷ್ಟಗಿಯಲ್ಲಿ ಒಬ್ಬರು ದೀಪವನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಹುಡುಕೋದು ಬಿಟ್ಟು ಇಟಗಿಯ ಹಳೇ ಗುಡಿ ಮುಂದ ಇಡ್ರಿ, ನೋಡಾಕ ಜನ ಬರ್ತಾರ" ಎಂದರು. ಯಲಬುರ್ಗಾದಲ್ಲಿ ಒಬ್ಬರು ಬ್ಯಾಟರಿ ದೀಪದ ಬಲ್ಬು ಕೊಟ್ಟು "ಕುಂದ್ರತೈತಿ, ಒಯ್ರಿ" ಎಂದರು. ಕುಳಿತುಕೊಂಡಿತು. ಬಸವರಾಜ ಗುಂಡಿ ತಿರುಗಿಸಿದ ಕೂಡಲೇ ಒಮ್ಮೆ ಬೆಳ್ಳಗೆ ಮಿಂಚಿ ಸತ್ತಿತು.

ಕೊನೆಗೆ ಸಿಕ್ಕವರು ಗಂಗಾವತಿಯ ಸುಬ್ಬಾರಾವ್. ಅವರ ಅಜ್ಜ ಕಾಲುವೆಯ ನೀರು ಬಂದ ಕಾಲದಲ್ಲಿ ಭತ್ತ ಬೆಳೆಯಲು ಆಂಧ್ರದಿಂದ ಬಂದವರು. ಮೊಮ್ಮಗನಿಗೆ ಗದ್ದೆಯ ಕೆಸರು ಒಗ್ಗಲಿಲ್ಲ, ತಂತಿ ಒಗ್ಗಿತು. ಅವರ ಅಂಗಡಿಯ ಕಪಾಟುಗಳಲ್ಲಿ ಹಳೆಯ ರೇಡಿಯೊಗಳು ಸಾಲಾಗಿ ಕೂತಿದ್ದವು, ಎಲ್ಲದರ ಮುಖದಲ್ಲೂ ಬೆಳಕು.

"ಎಲ್ಲಾ ಆನೆಗೊಂದಿ ಕಡೆ ಹೋಗ್ತಾವಂಡಿ," ಎಂದರು. "ಅಲ್ಲಿ ಬಂಡೆ ನಡುವೆ ಪ್ರವಾಸಿಗರಿಗೆ ರೂಮು ಬಾಡಿಗಿ ಕೊಡ್ತಾರಲ್ಲ, ಅವರಿಗೆ ಬೇಕು. ಹಾಡದಿದ್ರೂ ನಡೀತೈತಿ, ಹೊಳೀಬೇಕು ಅಷ್ಟೆ. ಫಾರಿನ್ನವರು ಪಕ್ಕದಾಗ ನಿಂತು ಫೋಟೊ ತಗೋತಾರೆ."

ನಾನು ಸುಟ್ಟ ದೀಪ ಕೊಟ್ಟೆ. ಅವರು ನೋಡಲೂ ಇಲ್ಲ.

"ಇದು ಬರೋದು ನಿಂತು ಕಾಲ ಆಯ್ತು. ಸಿಕ್ಕರೂ ನಾನು ಹಾಕಂಗಿಲ್ಲ. ಕಾಯ್ತೈತಿ, ಗಾಜಿನ ಮೇಲಿನ ಅಕ್ಷರ ಸುಡ್ತೈತಿ, ಸಾಯ್ತೈತಿ. ಎಲ್‌ಇಡಿ ಹಾಕಿ ಕೊಡ್ತೀನಿ. ಗ್ಯಾರಂಟಿ. ನಿಮ್ಮ ಅತ್ತಿ ಹೋದ್ರೂ ಆ ದೀಪ ಹೋಗಂಗಿಲ್ಲ." ಅಂದವರೇ ನಾಲಿಗೆ ಕಚ್ಚಿಕೊಂಡು, "ನೂರು ವರ್ಷ ಬಾಳಲಿ ಅಮ್ಮ, ಮಾತಿಗೆ ಅಂದೆ" ಎಂದು ಎದುರಿಗಿದ್ದ ಗಣಪತಿ ಪಟಕ್ಕೆ ಕೈ ಮುಗಿದರು.

ನಾನು ಇರಕಲ್ಲಗಡದಿಂದ ರೇಡಿಯೊವನ್ನು ದುಪ್ಪಟಿಯಲ್ಲಿ ಕಟ್ಟಿ ಬಸ್ಸಿನಲ್ಲಿ ತಂದೆ. ಕಿಟಕಿಯ ಪಕ್ಕ ಅದನ್ನು ಕೂರಿಸಿದ್ದಕ್ಕೆ ಕಂಡಕ್ಟರು, "ಇವರು ಹಿರಿಯರು ಅದಾರ, ಅರ್ಧ ಟಿಕೆಟ್ ಸಾಕು" ಎಂದು ನಗಿಸಿದ. ಸುಬ್ಬಾರಾವ್ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿದರು. ಹಳೆಯ ಹಿಡಿಕೆಯಲ್ಲೇ ಅಕ್ಕಿಕಾಳಿನಷ್ಟು ಎಲ್‌ಇಡಿ, ಅದಕ್ಕೆ ಬೇಕಾದ ಸಣ್ಣ ತಂತಿಜೋಡಣೆ. ಬೆಳಕು ಬೆಳ್ಳಗೆ, ಒಂದೇ ಸಮನೆ, ಚೂರೂ ಅಲುಗದೆ ನಿಂತಿತು. "ನೋಡ್ರಿ, ಕಲ್ಲು ಇದ್ದಂಗ ನಿಂತೈತಿ" ಎಂದು ಅವರು ಹೆಮ್ಮೆಪಟ್ಟರು. ನಾನೂ ಹೆಮ್ಮೆಪಟ್ಟೆ. ಇದನ್ನು ಒಪ್ಪಿಕೊಳ್ಳಲೇಬೇಕು.

ಸೋಮವಾರ ಸಂಜೆ ಪಡಸಾಲೆ ತುಂಬಿತ್ತು. ಅತ್ತೆ ದೇವರ ದೀಪ ಹಚ್ಚಿ ಬಂದು ರೇಡಿಯೊದ ಗುಂಡಿ ತಿರುಗಿಸಿದರು. ಗಾಜಿನ ಊರುಗಳು ಝಗ್ಗನೆ ಬೆಳಗಿದವು. ಹೆಂಗಸರು "ಅಯ್ಯ ಶಿವನ, ಎಷ್ಟು ಛಂದ" ಎಂದರು. ಹಾಡು ಶುರುವಾಯಿತು, ಡೋಲಕ್ಕು ಗಟ್ಟಿಯಾಗಿಯೇ ಕೇಳುತ್ತಿತ್ತು. ಅತ್ತೆ ತಾಳ ಹಿಡಿದು ದೀಪವನ್ನೇ ನೋಡುತ್ತ ಕೂತರು. ಬಾರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೊಸೆ ಶಾಂತಾಳ ಕಡೆ ತಿರುಗಿ, "ರೇಡಿಯೊ ಹಚ್ಚವಾ" ಎಂದರು.

"ಹಚ್ಚೈತಲ್ರಿ ಅತ್ತಿ. ಹಾಡಾಕತ್ತೈತಿ."

"ಇದಾ?" ಎಂದು ಅತ್ತೆ ಮತ್ತೆ ರೇಡಿಯೊ ಕಡೆ ನೋಡಿದರು. ಹೆಂಗಸರ ಬಾಯಿ ಆಡುವುದನ್ನು ಕಂಡು ಗಡಬಡಿಸಿ ತಾಳ ಹಾಕಲು ಶುರುಮಾಡಿದರು. ಎರಡು ಪದ ಹೇಗೋ ದಾಟಿದವು. ಮೂರನೆಯದು ಮುಗಿದು ಪೇಟೆ ಧಾರಣೆ ಬಂತು. ತೊಗರಿ, ಸಜ್ಜೆ, ಮೆಕ್ಕೆಜೋಳ ಎಂದು ಗಂಡಸೊಬ್ಬ ಬೆಲೆ ಓದುತ್ತಿದ್ದ. ಅತ್ತೆ ಕಣ್ಣು ಮುಚ್ಚಿ, ತಲೆದೂಗುತ್ತ, ಅದಕ್ಕೂ ತಾಳ ಹಾಕುತ್ತಿದ್ದರು.

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಆಮೇಲೆ ಎಲ್ಲರೂ ನಕ್ಕರು. "ನೀಲವ್ವ, ತೊಗರಿಗೂ ಭಜನಿ ಮಾಡ್ತಿ ಏನ? ಭಾವ ಏರಲಿ ಅಂತನಾ?" ಎಂದರು ಗಿರಿಜವ್ವ. ಅತ್ತೆ ಕಣ್ಣು ತೆರೆದು ಎಲ್ಲರ ಮುಖ ನೋಡಿದರು. ತಾಳಗಳನ್ನು ಸೆರಗಿನಲ್ಲಿ ಸುತ್ತಿ ಎದ್ದು ಒಳಗೆ ಹೋದರು.

ಬಸವರಾಜ ನನ್ನನ್ನು ಅಂಗಡಿಗೆ ಕರೆದೊಯ್ದ. ಅವನ ಮುಖ ಇಳಿದಿತ್ತು. "ಮಾಮಾ, ಅವ್ವನ ತಲಿ ಸರಿ ಇಲ್ಲೇನೋ ಅನಸ್ತೈತಿ. ಹಚ್ಚಿದ ರೇಡಿಯೊ ಹಚ್ಚಿಲ್ಲ ಅಂತಾಳ. ಹುಬ್ಬಳ್ಳಿಗೆ ಒಯ್ದು ತಲಿ ಡಾಕ್ಟರಿಗೆ ತೋರಿಸಲೇನು?" ನಾನು ಹಿರಿಯನಂತೆ ಯೋಚಿಸಿ, ಬೆಳಕು ತೀರ ಬೆಳ್ಳಗಿದೆ, ಅದಕ್ಕೇ ಅವರಿಗೆ ಗುರುತು ಹತ್ತಿಲ್ಲ ಎಂದೆ. ಅವನಿಗೂ ಹೌದೆನಿಸಿತು. "ಖರೇ. ಆಸ್ಪತ್ರಿ ಲೈಟ್ ಇದ್ದಂಗ ಐತಿ."

ಕಿನ್ನಾಳದಲ್ಲಿ ಕಟ್ಟಿಗೆಯ ಗೊಂಬೆ, ದೇವರ ಮೂರ್ತಿ ಮಾಡುವ ಮನೆಗಳಿವೆ. ಅವರು ಬೆಳ್ಳಿಯಂತೆ ಹೊಳೆಯುವ ತವರದ ಬಣ್ಣದ ಮೇಲೆ ಹಳದಿ ವಾರ್ನಿಷು ಎಳೆದರೆ ಅದು ಬಂಗಾರವಾಗಿ ಕಾಣುತ್ತದೆ. ನನ್ನ ಪರಿಚಯದ ಚಿತ್ರಗಾರರೊಬ್ಬರ ಮುಂದೆ ಎಲ್‌ಇಡಿ ಇಟ್ಟೆ. ಅವರು ಕುಂಚದ ತುದಿಯಿಂದ ಒಂದು ಹನಿ ಹಚ್ಚಿ, ಒಣಗಿಸಿ, ಮತ್ತೊಂದು ಹಚ್ಚಿದರು. "ಇಷ್ಟು ದಿನ ದೇವರಿಗೆ ಹಚ್ಚಿದ್ವಿ, ಈಗ ಕರೆಂಟಿಗೂ ಹಚ್ಚಿದಂಗಾತು" ಎಂದು ನಕ್ಕರು. ಮುಂದಿನ ಸೋಮವಾರ ಗಾಜಿನ ಮೇಲೆ ಅದೇ ಹಳೆಯ ಜೇನುಬಣ್ಣ ಬಂತು. ದಿಲ್ಲಿ, ಕೊಲಂಬೊ ಎಲ್ಲವೂ ಇದ್ದ ಜಾಗದಲ್ಲಿದ್ದವು. ಅತ್ತೆ ಹತ್ತಿರ ಬಂದು ನೋಡಿದರು. ನನ್ನ ಗಲ್ಲ ಸವರಿದರು.

"ಬಣ್ಣ ಭಾಳ ಛಲೋ ಐತಿ ತಮ್ಮಾ. ಆದ್ರ ಜೀವ ಇಲ್ಲ."

ಬಸವರಾಜ ನನ್ನ ಮುಖ ನೋಡಿದ. ಶಾಂತಾ ನೆಲ ನೋಡಿದಳು. ಅಂದು ಅತ್ತೆ ತಾವಾಗಿಯೇ ತಾಳಗಳನ್ನು ಗಿರಿಜವ್ವನ ಮಡಿಲಲ್ಲಿ ಇಟ್ಟು, "ಕೈ ನೋವಾಗೈತಿ" ಎಂದು ಕಂಬಕ್ಕೆ ಒರಗಿ ಕೂತರು. ಅಷ್ಟು ವರ್ಷ ಕಾದಿದ್ದ ಗಿರಿಜವ್ವನಿಗೆ ತಾಳ ಕೈಗೆ ಬಂದಾಗ ಬೆರಳಿಗೆ ದಾರ ಸುತ್ತಿಕೊಳ್ಳಲೂ ಆಗಲಿಲ್ಲ. ಅವತ್ತಿನ ಭಜನೆ ಬೇಗ ಮುಗಿಯಿತು.

ಮರುದಿನ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅತ್ತೆ ಹಿತ್ತಲಲ್ಲಿ ನನಗೆ ಬೆನ್ನು ಮಾಡಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರ ಹಿಂದೆ, ಒಂದು ಮಾರು ದೂರದಲ್ಲಿ, ತೊಳೆದು ಬೋರಲು ಹಾಕಿದ್ದ ಹಿತ್ತಾಳೆಯ ಕೊಡವನ್ನು ಬೆಕ್ಕು ಉರುಳಿಸಿತು. ಬಾವಿಕಟ್ಟೆಯ ಮೇಲಿದ್ದ ಕಾಗೆ ಹಾರಿತು. ನಾನು ಬೆಚ್ಚಿದೆ. ಅತ್ತೆಯ ಕೈ ಸೊಪ್ಪಿನ ಮೇಲೆ ಅದೇ ಲಯದಲ್ಲಿ ನಡೆದಿತ್ತು. ನಾನು "ಅತ್ತಿ" ಎಂದೆ. ಇನ್ನೂ ಗಟ್ಟಿಯಾಗಿ ಎಂದೆ. ಎದುರಿಗೆ ಹೋಗಿ ನಿಂತ ಮೇಲೆ, "ಬಾ ತಮ್ಮಾ, ಚಾ ಕುಡದಿ?" ಎಂದು ನಕ್ಕರು.

ವರ್ಷಗಟ್ಟಲೆ ಸಾಕ್ಷಿಗಳ ಮಾತು ಒರೆಗೆ ಹಚ್ಚಿ ಹೊಟ್ಟೆ ಹೊರೆದವನು ನಾನು. ಆ ಮನೆಯಲ್ಲಿ ಅದೆಷ್ಟು ಊಟ ಉಂಡಿದ್ದೆ. ಒಂದೂ ಗಮನಿಸಿರಲಿಲ್ಲ. ಅತ್ತೆ ಯಾವಾಗಲೂ ಬಾಗಿಲಿಗೆ ಮುಖ ಮಾಡಿ ಕೂರುವುದು, ಮಾತಾಡುವವರ ಬಾಯನ್ನೇ ನೋಡುವುದು, ಪ್ರಶ್ನೆ ಕೇಳಿದರೆ ಉತ್ತರದ ಬದಲು ನಗುವುದು, ಎಲ್ಲ ಒಂದೊಂದಾಗಿ ನೆನಪಾದವು. ಅದರ ಹಿಂದೆಯೇ ಬಾಲ್ಯದ ಒಂದು ಸಂಜೆಯೂ ನೆನಪಾಯಿತು. ಡೊಳ್ಳಿನ ಹಾಡು ಬಂದಾಗಲೆಲ್ಲ ರೇಡಿಯೊದ ದೀಪ ಏಟು ಏಟಿಗೂ ಕುಗ್ಗುತ್ತಿತ್ತು. ನಾವು ಮಕ್ಕಳು ಅದರ ಮುಂದೆ ಕೂತು ಕಣ್ಣು ಮಿಟುಕಿಸಿ ಆಡುತ್ತಿದ್ದೆವು. ಒಳಗಿನ ಟ್ರಾನ್ಸ್‌ಫಾರ್ಮರು ಚಿಕ್ಕದು, ದನಿ ಜೋರಾದಾಗ ದೀಪದ ಪಾಲಿನ ಕರೆಂಟನ್ನೂ ಅದೇ ಎಳೆದುಕೊಳ್ಳುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದ. ಬದಲಿಸಲು ಮಾವ ಒಪ್ಪಿರಲಿಲ್ಲ.

ನಾನು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತು, ತುಟಿ ಬಿಡಿಸಿ ಬಿಡಿಸಿ ಕೇಳಿದೆ: "ಅತ್ತಿ, ದೀಪ ನೋಡಿ ತಾಳ ಹಾಕ್ತಿದ್ರೇನು?"

ಅತ್ತೆ ಸೊಪ್ಪು ಕೆಳಗಿಟ್ಟರು. ಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು.

"ಯಾರ ಹೇಳಿದ್ರು?"

"ಯಾರೂ ಇಲ್ಲ."

"ಪೇಪರಿನ್ಯಾಗ ಹಾಕಬ್ಯಾಡಪಾ." ಆಮೇಲೆ ಬಹಳ ಹೊತ್ತು ಮಾತಾಡಿದರು, ತಮಗೇ ಕೇಳದ ದನಿಯಲ್ಲಿ. ಮಾವ ಹೋದ ಮೇಲೆ ಕಿವಿ ಒಂದೊಂದೇ ಸದ್ದು ಬಿಟ್ಟಿತಂತೆ. ಮೊದಲು ಗುಬ್ಬಿ, ಆಮೇಲೆ ಬಳೆ, ಆಮೇಲೆ ಮನುಷ್ಯರು. "ದೀಪ ಎಲ್ಲಾ ಹೇಳ್ತಿತ್ತು ತಮ್ಮಾ. ಡೊಳ್ಳಿಗೆ ಕುಣೀತಿತ್ತು. ಏಕತಾರಿಗೆ ಸುಮ್ಮನ ತೇಲ್ತಿತ್ತು. ವಾರ್ತಾ ಗಂಡಸು ಓದಿದ್ರ ನಡಗ್ತಿತ್ತು, ಹೆಂಗಸು ಓದಿದ್ರ ಅಷ್ಟು ಇಲ್ಲ. ಬಡಿತ ನೋಡಿದ್ರ ಯಾವ ಪದ ಅಂತ ಗೊತ್ತಾಗ್ತಿತ್ತು. ಗೊತ್ತಾಗದಿದ್ರ ಗಿರಿಜವ್ವನ ಬಾಯಿ ನೋಡ್ತಿದ್ದೆ. ಆಕಿ ಬಾಯಿ ದೊಡ್ಡದು, ಕಾಣತೈತಿ."

"ಮನ್ಯಾಗ ಹೇಳಬೇಕಿತ್ತು."

"ಹೇಳಿ? ಕಿವುಡಿ ಕೈಯಾಗ ತಾಳ ಯಾರ ಕೊಡ್ತಾರ?"

ನಾನಾಗಿದ್ದರೂ ಕೊಡುತ್ತಿರಲಿಲ್ಲ. ಅಲ್ಲಿಗೆ ನಾನು ಇಕ್ಕಟ್ಟಿಗೆ ಸಿಕ್ಕಿದೆ. ಒಂದು ಕಡೆ ಬಸವರಾಜ ಹುಬ್ಬಳ್ಳಿಯ ಡಾಕ್ಟರಿಗೆ ಫೋನ್ ಮಾಡುತ್ತಿದ್ದ, ಇನ್ನೊಂದು ಕಡೆ ನಾನು ಯಾರಿಗೂ ಹೇಳುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದೆ. "ಇನ್ನೊಂದು ವಾರ ತಡಿ" ಎಂದು ಅವನಿಗೆ ಹೇಳಿ, ರೇಡಿಯೊವನ್ನು ಮತ್ತೆ ದುಪ್ಪಟಿಯಲ್ಲಿ ಕಟ್ಟಿದೆ.

"ಸುಬ್ಬಾರಾವ್ ಅವರೇ, ದೀಪ ನಡುಗಬೇಕು" ಎಂದೆ.

ಅವರು ಕನ್ನಡಕ ತೆಗೆದರು. "ಏನಂದ್ರಿ?"

"ಹಾಡಿಗೆ ತಕ್ಕ ಹಾಗೆ. ಡೊಳ್ಳು ಬಡಿದರೆ ದೀಪವೂ ಬಡಿಯಬೇಕು."

"ನಲವತ್ತು ವರ್ಷ ಆಯ್ತಂಡಿ ಈ ಅಂಗಡಿ ಹಾಕಿ. ದೀಪ ನಡುಗ್ತೈತಿ, ನಿಲ್ಲಿಸಿ ಕೊಡ್ರಿ ಅಂತ ಬಂದವರು ಸಾವಿರ ಮಂದಿ. ನಿಂತ ದೀಪ ನಡುಗಿಸ್ರಿ ಅಂತ ಬಂದವರು ನೀವೊಬ್ಬರೇ." ಅವರಿಗೆ ನಿಜವಾಗಿಯೂ ನೋವಾಗಿತ್ತು. "ನನ್ನ ಕೆಲಸದಾಗ ಏನು ತಪ್ಪೈತಿ ಹೇಳ್ರಿ."

ತಪ್ಪಿಲ್ಲ ಎಂದೆ. ಯಾರಿಗೆ, ಯಾಕೆ ಎಂದು ಹೇಳುವಂತಿರಲಿಲ್ಲ. ಚಾ ತರಿಸಿದೆ. ಅವರು ಚಾ ಕುಡಿಯುತ್ತ ರೇಡಿಯೊವನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. ಲೋಟ ಕೆಳಗಿಟ್ಟು, "ಅಮ್ಮನ ಕಿವಿ ಹೋಗ್ಯಾವೇನು?" ಎಂದು ಮೆಲ್ಲಗೆ ಕೇಳಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಿವೃತ್ತ ವರದಿಗಾರನೊಬ್ಬ ಅಷ್ಟರಮಟ್ಟಿಗೆ ಮಾತು ಉಳಿಸಿಕೊಂಡ.

ಮೊದಲ ಪ್ರಯತ್ನದಲ್ಲಿ ದೀಪ ಹಾಡಿದಾಗ ಹತ್ತಿ, ಮೌನವಾದಾಗ ಪೂರ್ತಿ ಆರುತ್ತಿತ್ತು. ಮದುವೆ ಮಂಟಪದ ಸರದೀಪದ ಹಾಗೆ. ಸುಬ್ಬಾರಾವ್ ತಾವೇ "ಛೀ" ಎಂದು ಕಿತ್ತರು. ಎರಡನೆಯದರಲ್ಲಿ ಸ್ಪೀಕರಿಗೆ ಹೋಗುವ ತಂತಿಯಿಂದ ಒಂದು ಎಳೆ ತಂದು, ನಡುವೆ ಪುಟ್ಟ ಟ್ರಾನ್ಸಿಸ್ಟರ್ ಕೂರಿಸಿ, ಕನಿಷ್ಠ ಬೆಳಕು ಸದಾ ಇರುವ ಹಾಗೆ, ದನಿ ಬಂದಾಗ ಅದು ಏರುವ ಹಾಗೆ ಮಾಡಿದರು. ನಾವಿಬ್ಬರೂ ಅಂಗಡಿಯ ಕದ ಅರ್ಧ ಎಳೆದು, ಕಿವಿಗೆ ಹತ್ತಿ ತುರುಕಿಕೊಂಡು, ದೀಪ ನೋಡಿ ಹಾಡು ಗುರುತಿಸಲು ಕೂತೆವು. ಒಂದೂ ಗುರುತಾಗಲಿಲ್ಲ. ಹೊರಗೆ ಯಾರೋ ಗಿರಾಕಿ ಬಂದು, ಒಳಗೆ ಇಣುಕಿ, ಹಾಗೇ ಹೊರಟುಹೋದ.

ಸೋಮವಾರ ಸಂಜೆ ಅತ್ತೆ ರೇಡಿಯೊ ಹಚ್ಚಿದರು. ಹಾಡಿನ ಮೊದಲ ಏಟಿಗೆ ಜೇನುಬಣ್ಣ ಜಿಗಿಯಿತು. ಅತ್ತೆ ಮುಖ ಮುಂದಕ್ಕೆ ತಂದರು. ಹುಬ್ಬು ಗಂಟಾಯಿತು. ನನ್ನನ್ನು ಸನ್ನೆ ಮಾಡಿ ಕರೆದು ಪಿಸುಗುಟ್ಟಿದರು: "ತಿರುವುಮುರುವು ಆಗೈತಿ. ಮೊದಲು ಏಟಿಗೆ ಕಪ್ಪಾಗ್ತಿತ್ತು, ಈಗ ಬೆಳ್ಳಗ ಆಗ್ತೈತಿ." ಅತ್ತೆ ಇನ್ನೂ ಸ್ವಲ್ಪ ನೋಡಿದರು. ಬಲಗೈ ತಾನಾಗಿ ತೊಡೆಯ ಮೇಲೆ ಬಿದ್ದಿತು, ಎದ್ದಿತು, ಮತ್ತೆ ಬಿದ್ದಿತು. "ಇರಲಿ. ಹಿಂಗೂ ತಿಳೀತೈತಿ."

ದೀಪದಿಂದ ಕಣ್ಣು ತೆಗೆಯದೆ ಎಡಗೈಯನ್ನು ಗಿರಿಜವ್ವನ ಕಡೆ ಚಾಚಿದರು. ಗಿರಿಜವ್ವ ಹಾಡುವುದನ್ನು ನಿಲ್ಲಿಸದೆ ತಾಳಗಳನ್ನು ಆ ಕೈಯಲ್ಲಿಟ್ಟರು. ಪದ ಮುಗಿದ ಮೇಲೆ, "ತಗೋ ನಿನ್ನ ಕಾಟ. ಎಂಟು ದಿನದಾಗ ನನ್ನ ಬೆರಳಿಗೆ ಗುಳ್ಳಿ ಬಂದಾವು" ಎಂದರು. ಅತ್ತೆ ಅವರ ಬಾಯನ್ನು ನೋಡಿ, "ಎಣ್ಣಿ ಹಚ್ಕೋ" ಎಂದರು. ಪೇಟೆ ಧಾರಣೆ ಶುರುವಾದಾಗ ಎಲ್ಲರೂ ಓರೆಗಣ್ಣಿನಿಂದ ಅತ್ತೆಯನ್ನು ನೋಡುತ್ತಿದ್ದರು. ಅತ್ತೆ ತಾಳಗಳನ್ನು ಆಗಲೇ ಮಡಿಲಿಗಿಟ್ಟು, ಸೆರಗಿನಿಂದ ಒರೆಸುತ್ತಿದ್ದರು.

ಅಡಿಗೆಮನೆಯಲ್ಲಿ ಶಾಂತಾ ನನಗೆ ಚಾ ಕೊಡುವಾಗ, "ಅಣ್ಣಾರ, ದೀಪಕ್ಕ ಏನ ಮಾಡಿಸಿದ್ರಿ?" ಎಂದಳು. ನಾನು ತಡವರಿಸಿದೆ. ಅವಳು ನಕ್ಕಳು.

"ಅತ್ತಿ ಕಿವಿ ನನಗ ಗೊತ್ತೈತ್ರಿ. ಎಷ್ಟೋ ವರ್ಷಾತು, ನಾನು ಆಕಿ ಮುಂದ ನಿಂತ ಮಾತಾಡ್ತೀನಿ, ಹಿಂದಿಂದ ಕರಿಯಂಗಿಲ್ಲ. ಆಕಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೇಳಿದ್ರ ಇವರು ಊರೆಲ್ಲಾ ಗದ್ಲ ಮಾಡ್ತಿದ್ರು. ಕಿವಿ ಗೊತ್ತಿತ್ತು. ದೀಪ ಗೊತ್ತಿರಲಿಲ್ಲ."

ಬಸವರಾಜನಿಗೆ ಹೇಳಿದ್ದು ಅವಳೇ, ಮರುದಿನ. ಅವನು ಹುಬ್ಬಳ್ಳಿಯ ತಲೆಯ ಡಾಕ್ಟರನ್ನು ಬಿಟ್ಟು ಕೊಪ್ಪಳದ ಕಿವಿಯ ಡಾಕ್ಟರ ಹತ್ತಿರ ಅತ್ತೆಯನ್ನು ಕರೆತಂದ. ಶ್ರವಣಯಂತ್ರ ಕೊಟ್ಟರು. ಅತ್ತೆ ಅದನ್ನು ಹಾಕಿಕೊಂಡು ಒಂದು ಬೆಳಗು ಮನೆಯಲ್ಲಿ ಓಡಾಡಿದರು. ಗುಬ್ಬಿಯ ಸದ್ದು ಕೇಳಿತು ಎಂದು ಅತ್ತರಂತೆ. ಆದರೆ ಹಾಡು ಅದರಲ್ಲಿ ಹರಿದ ಬಟ್ಟೆಯ ಹಾಗೆ ಬರುತ್ತದೆ ಎನ್ನುತ್ತಾರೆ. ಹಗಲು ಯಂತ್ರ ಹಾಕಿಕೊಳ್ಳುತ್ತಾರೆ, ಭಜನೆಗೆ ಕೂರುವಾಗ ತೆಗೆದಿಡುತ್ತಾರೆ. ಈಗ ಓಣಿಗೆಲ್ಲ ಗೊತ್ತು. ತಾಳವನ್ನು ಯಾರೂ ಕೇಳಿಲ್ಲ.

ಇದನ್ನೆಲ್ಲ ಬರೆಯಬಹುದೇ ಎಂದು ಹೋದ ತಿಂಗಳು ಹೋಗಿ ಕೇಳಿದೆ. ಅತ್ತೆ ಒಂದು ಷರತ್ತು ಹಾಕಿದರು: "ತೊಗರಿ ರೇಟಿಗೆ ತಾಳ ಹಾಕಿದೆ ಅಂತ ಮಾತ್ರ ಬರೀಬ್ಯಾಡ." ನಾನು ಕಣ್ಣಾರೆ ಕಂಡದ್ದು, ಬಿಡಲಾರೆ ಎಂದೆ. ಚೌಕಾಶಿ ನಡೆಯಿತು. ಕೊನೆಗೆ ಒಪ್ಪಿದ್ದು ಹೀಗೆ: ತೊಗರಿ ರೇಟಿಗೆ ತಾಳ ಹಾಕಿದರು ಎನ್ನಲಾಗಿದೆ.

ನಿನ್ನೆ ಶಾಂತಾ ಫೋನ್ ಮಾಡಿದ್ದಳು. ಶನಿವಾರ ಇಲಿಯೊಂದು ರೇಡಿಯೊದ ಬೆನ್ನಿನಿಂದ ಒಳಹೊಕ್ಕು ಸ್ಪೀಕರಿನ ಕಾಗದವನ್ನೂ ಅದರ ಸುರುಳಿಯ ತಂತಿಯನ್ನೂ ಕಡಿದಿದೆ. ಈಗ ಅದರಿಂದ ಚೂರೂ ಸದ್ದು ಬರುವುದಿಲ್ಲ. ದೀಪಕ್ಕೆ ಏನೂ ಆಗಿಲ್ಲ, ಕುಣಿಯುತ್ತಲೇ ಇದೆ. ಗಂಗಾವತಿಗೆ ಒಯ್ಯಲು ಬಸವರಾಜ ಸೋಮವಾರ ಮಧ್ಯಾಹ್ನ ಪೆಟ್ಟಿಗೆ ಕಟ್ಟಲು ಹೊರಟಿದ್ದ. ನಾಳೆ ಒಯ್ಯಿ ಎಂದು ಅತ್ತೆ ಬಿಚ್ಚಿಸಿದರು. ಸಂಜೆ ಹೆಂಗಸರು ಬಂದರು. ರೇಡಿಯೊ ಹಚ್ಚಿದರು. ಅತ್ತೆ ದೀಪ ನೋಡಿ, ಇದು ಯಾವ ಪದ ಎಂದು ಹೇಳಿ, ತಾಳ ಹಾಕಿದರು. ಉಳಿದವರು ಅತ್ತೆಯ ಕೈ ನೋಡಿ ಹಾಡಿದರು.